ಕರ್ನಾಟಕದಲ್ಲಿ ವಿದ್ವತ್ಸಂಶೋಧನೆ

ಶಾಸನ, ಹಸ್ತಪ್ರತಿ, ಭಾಷೆ, ಸಮಾಜ, ಸಸ್ಯ, ಖನಿಜ, ಪರಮಾಣು ಮೊದಲಾದ ಭಿನ್ನ ಭಿನ್ನ ವಿಷಯಗಳನ್ನು ಕುರಿತು, ಹಿಂದಿನವರು ಹೇಳಿದುದನ್ನು ಪರೀಕ್ಷಿಸಿ ನೂತನ ಜ್ಞಾನವನ್ನು ಸಂಪಾದಿಸುವ ಉದ್ದೇಶದಿಂದ, ಹತ್ತೊಂಬತ್ತನೆಯ ಶತಮಾನದ ಆದಿಯಿಂದೀಚೆಗೆ ಈ ನಾಡಿನಲ್ಲಿ ಕ್ರಮಬದ್ಧವಾಗಿ ನಡೆದುಬಂದಿರುವ ವಿದ್ಯಾವ್ಯವಸಾಯವನ್ನು ಇಲ್ಲಿ ವಿದ್ವತ್ಸಂಶೋಧನೆಯೆಂದು ಕರೆದಿದೆ. ಇದರ ವೈವಿಧ್ಯವನ್ನು ವಿಷಯಗಳ ಸಂಖ್ಯೆಯಿಂದ ಅಳೆಯುವುದು ರೂಢಿ. ಆದರೆ ಯಾವ ಶಾಸ್ತ್ರವು ಯಾವುದನ್ನು ಪ್ರಮಾಣವೆಂದು ಅಂಗೀಕರಿಸುತ್ತದೆ, ಯಾವುದನ್ನು ತಿರಸ್ಕರಿಸುತ್ತದೆ ಎಂಬುದರಲ್ಲಿ ತೋರುವ ಭೇದವೇ ಹೆಚ್ಚು ಮೂಲಭೂತವಾದುದು. ಶಿಲೆಯ ಮೇಲಣ ಅಕ್ಷರ, ತಾಳೆಗರಿಯ ಪಾಠ, ಮಣ್ಣಿನ ಸ್ತರ, ಸೂಕ್ಷ್ಮದರ್ಶಕದ ಕೆಳಗಿನ ಬೂಷ್ಟು, ಹಳ್ಳಿಯ ಹಿರಿಯನ ಮಾತು, ಇವೆಲ್ಲವೂ ಸಾಕ್ಷ್ಯಗಳೇ ಆದರೂ ಇವುಗಳನ್ನು ಪ್ರಶ್ನಿಸುವ ರೀತಿ ಒಂದೇ ಅಲ್ಲ.

ಪ್ರಯೋಗಗಳನ್ನು ಸಂಗ್ರಹಿಸಿ ಅವುಗಳಿಂದ ನಿಯಮವನ್ನು ಸಾಧಿಸುವ ಪದ್ಧತಿ ನಮ್ಮಲ್ಲಿ ಹೊಸದೇನೂ ಅಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತನಗಿಂತ ಹಿಂದಿನ ಕವಿಗಳ ಪ್ರಯೋಗಗಳನ್ನೇ ಆಧಾರವಾಗಿಟ್ಟುಕೊಂಡು ವ್ಯಾಕರಣವನ್ನು ರಚಿಸಿದನು, 1604ರಲ್ಲಿ ಭಟ್ಟಾಕಳಂಕನು ಸಂಸ್ಕೃತದಲ್ಲಿ ಸೂತ್ರಗಳನ್ನು ಬರೆದು ಕನ್ನಡದ ಗದ್ಯಪದ್ಯಗಳಿಂದ ಉದಾಹರಣೆಗಳನ್ನು ಕೊಟ್ಟನು. ಆದರೆ ಸರ್ಕಾರದ ಆಶ್ರಯದಲ್ಲಿ, ಸಂಬಳ ಪಡೆಯುವ ಜನರಿಂದ, ನಾಡಿನ ಸಮಸ್ತ ವಿವರಗಳನ್ನೂ ಬರೆದಿಡುವ ಕಾರ್ಯವು ಆರಂಭವಾದುದು 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆಯೇ. 1800-01ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ ಬೆಳೆ, ನೇಗಿಲು, ಮಗ್ಗ, ಜಾತಿಗಳ ವಿಷಯವಾಗಿ ಸಂಗ್ರಹಿಸಿದ ವೃತ್ತಾಂತವು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ತನ್ನ ತ್ರಿಕೋಣಮಾಪನದ ಆಧಾರರೇಖೆಯನ್ನು ಅಳೆಯುತ್ತಿದ್ದನು. ಕಾಲಿನ್ ಮೆಕೆಂಜಿ ಸಂಸ್ಥಾನದ ಭೂಪಟವನ್ನು ಸಿದ್ಧಪಡಿಸುತ್ತಲೇ ಕೈಫಿಯತ್ತುಗಳನ್ನೂ ಶಾಸನಗಳ ನಕಲುಗಳನ್ನೂ ರಾಶಿರಾಶಿಯಾಗಿ ಕೂಡಿಹಾಕುತ್ತಿದ್ದನು. ಮೆಕೆಂಜಿಯ ಸಂಗ್ರಹದ ಹಿಂದೆ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸೋದರರ ಪಾಂಡಿತ್ಯವಿತ್ತೆಂಬುದನ್ನು ಮರೆಯಲಾಗದು; ಹಳ್ಳಿಯ ಶಾನುಭೋಗನಿಂದ ಕಡತವನ್ನು ಬಿಡಿಸಿಕೊಂಡು ಬರುವುದು ಕರ್ನಲ್ಲನ ಗತ್ತಿಗೆ ಸಾಧ್ಯವಾಗುವ ಕೆಲಸವಲ್ಲ. ಆಳುವವರ ಪ್ರಯೋಜನಕ್ಕಾಗಿ ನಡೆದ ಕೆಲಸವಿದೆಂಬುದು ನಿಜ, ಆದರೆ ಆ ಕಾಗದಗಳಿಲ್ಲದೆ ಇಂದು ಆ ಕಾಲದ ಗ್ರಾಮಜೀವನದ ಚರಿತ್ರೆಯನ್ನು ಬರೆಯುವುದು ದುಸ್ಸಾಧ್ಯ.

ಶಾಸನಶೋಧನೆಯು ಈ ನಾಡಿನ ಸಂಶೋಧನೆಯಲ್ಲಿ ಅತ್ಯಂತ ಮಹತ್ತಾದ ಅಧ್ಯಾಯ. ಮೇಜರ್ ಡಿಕ್ಸನ್ 1865ರಲ್ಲಿ ತೆಗೆಸಿದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಭಾಷಾಂತರಿಸುವ ಹೊಣೆಯು ಬೆಂಗಳೂರಿನಲ್ಲಿಯೇ ಹುಟ್ಟಿದ ಬೆಂಜಮಿನ್ ಲೂಯಿಸ್ ರೈಸ್ ಎಂಬ ವಿದ್ಯಾಧಿಕಾರಿಗೆ ಬಂದಿತು. 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದ ಮೇಲೆ, ಛಾಯಾಚಿತ್ರಗಳನ್ನು ನೆಚ್ಚಿ ಕುಳಿತರೆ ಸಾಲದೆಂದೂ ಪ್ರತಿಯೊಂದು ತಾಲ್ಲೂಕಿನ ಪ್ರತಿಯೊಂದು ಗ್ರಾಮದಲ್ಲಿಯೂ ಹುಡುಕಿ ಕಲ್ಲಿನಿಂದಲೇ ಪಡಿಯಚ್ಚು ತೆಗೆಯಬೇಕೆಂದೂ ಆತನು ಮನಗಂಡನು. ಶಿಲೆಯನ್ನು ತೊಳೆದು, ಒದ್ದೆ ಕಾಗದವನ್ನು ಹರಡಿ, ಅಕ್ಷರಗಳ ತಗ್ಗಿನೊಳಕ್ಕೆ ಅದು ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿ ಸವರಿ ಒಣಗಿಸಿ ಬಿಡಿಸಿಕೊಳ್ಳುವ ಈ ಕ್ರಮವು ನೋಡಲು ಸರಳ. ಆದರೆ ಪಾಳುಗುಡಿಯ ಹಿಂದೆ, ಕೆರೆಯ ತೂಬಿನ ಪಕ್ಕದಲ್ಲಿ, ಹೊಲದ ಬದುವಿನಲ್ಲಿ ಅರ್ಧ ಹೂತುಹೋದ ಕಲ್ಲುಗಳನ್ನು ಎತ್ತಿ ನಿಲ್ಲಿಸಿ ಓದಿದ ಪಂಡಿತರ ಶ್ರಮವನ್ನು ಯಾವ ವರದಿಯೂ ಪೂರ್ಣವಾಗಿ ಹೇಳಲಾರದು. 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲಾಗಿ 1905ರ ವೇಳೆಗೆ ಮುಗಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಅಡಕವಾದುವು. 1892ರಲ್ಲಿ ಚಿತ್ರದುರ್ಗದ ಸೀಮೆಯ ಸಿದ್ದಾಪುರದ ಬಳಿ ಅಶೋಕನ ಶಾಸನಗಳು ದೊರೆತುದು ಈ ಅನ್ವೇಷಣೆಯ ಫಲವೇ. ಮೌರ್ಯರ ಆಜ್ಞೆಯು ಇಷ್ಟು ದಕ್ಷಿಣಕ್ಕೆ ನಡೆಯುತ್ತಿದ್ದಿತೆಂಬುದಕ್ಕೆ ಅದರಿಂದ ಪ್ರತ್ಯಕ್ಷ ಆಧಾರ ಲಭಿಸಿತು.

ರೈಸನ ನಿರ್ಣಯಗಳೆಲ್ಲವೂ ನಿಲ್ಲಲಿಲ್ಲ. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್, ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಪ್ರತಿಪಾದಿಸಿದನು. ರೈಸನು ಅವುಗಳ ಪರವಾಗಿ ನಿಂತನು. ಶ್ರವಣಬೆಳಗೊಳಕ್ಕೆ ಭದ್ರಬಾಹುವಿನೊಡನೆ ಚಂದ್ರಗುಪ್ತ ಮೌರ್ಯನು ಬಂದನೆಂಬ ಜೈನ ಐತಿಹ್ಯದ ವಿಷಯದಲ್ಲಿಯೂ ಇವರಿಬ್ಬರಿಗೆ ಭಿನ್ನಾಭಿಪ್ರಾಯವಿತ್ತು. ಲಿಪಿಯ ಸ್ವರೂಪ, ತಿಥಿವಾರಗಳ ಹೊಂದಿಕೆ, ವಂಶಾವಳಿಯ ಸಂಗತಿ ಇವುಗಳನ್ನು ಒಂದೊಂದಾಗಿ ತೂಗಿ ನೋಡಿದ ಈ ವಾದವು ಕನ್ನಡ ಚರಿತ್ರಕಾರರಿಗೆ ಒಂದು ಪಾಠಶಾಲೆಯೇ ಆಯಿತು. ಶಾಸನವೂ ಸುಳ್ಳು ಹೇಳಬಹುದೆಂಬ ಎಚ್ಚರವು ಅಲ್ಲಿಂದ ಮುಂದೆ ಯಾರನ್ನೂ ಬಿಡಲಿಲ್ಲ. ರೈಸನ ತರುವಾಯ ಮೈಸೂರಿನ ಪುರಾತತ್ವ ಇಲಾಖೆಯನ್ನು ನಡೆಸಿದ ಆರ್. ನರಸಿಂಹಾಚಾರ್ಯರು ಶ್ರವಣಬೆಳಗೊಳದ ಸಂಪುಟವನ್ನು ಪರಿಷ್ಕರಿಸಿದರು. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. ಅದರಲ್ಲಿ ಶಕವರ್ಷದ ಉಲ್ಲೇಖವಿಲ್ಲದಿರುವುದರಿಂದ ಲಿಪಿಯನ್ನೂ ರಾಜರ ಹೆಸರುಗಳನ್ನೂ ಅವಲಂಬಿಸಿ ಅದನ್ನು ಸು. 450ರದೆಂದು ಎಣಿಸುತ್ತಾರೆ. ಶಾಸನಗಳಲ್ಲಿ ರಾಜರನ್ನಷ್ಟೇ ಅರಸದೆ, ದಾನ, ವ್ರತ, ವೀರಮರಣ, ಗ್ರಾಮವ್ಯವಸ್ಥೆಗಳ ಮೂಲಕ ಸಾಮಾನ್ಯ ಜನರ ಬದುಕನ್ನು ಕಂಡ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ಪ್ರಕಟವಾದುದು 1966ರಲ್ಲಿ. ಒಂದೇ ಸಾಮಗ್ರಿಗೆ ಹೊಸ ಪ್ರಶ್ನೆಯನ್ನು ಕೇಳಿದರೆ ಎಂತಹ ಉತ್ತರ ಬರುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಕನ್ನಡದಲ್ಲಿ ವಿರಳ.

ಹಸ್ತಪ್ರತಿಗಳ ಸಂಶೋಧನೆಗೆ ಕೇಂದ್ರವಾದುದು 1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯ. ಅಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳ ಕೈಗೆ, ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದು ಬಂದಿತು. ಇತರ ಗ್ರಂಥಗಳಲ್ಲಿ ಹೆಸರು ಮಾತ್ರ ಕೇಳಿಬರುತ್ತಿದ್ದ, ಕಳೆದೇಹೋಯಿತೆಂದು ಎಲ್ಲರೂ ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಇದೆಂದು ಗುರುತಿಸಿದ ಶಾಸ್ತ್ರಿಗಳು 1905ರಿಂದ ಅದರ ಭಾಗಗಳ ಅನುವಾದವನ್ನೂ, 1909ರಲ್ಲಿ ಮೂಲವನ್ನೂ, 1915ರಲ್ಲಿ ಸಮಗ್ರ ಇಂಗ್ಲಿಷ್ ಭಾಷಾಂತರವನ್ನೂ ಪ್ರಕಟಿಸಿದರು. ಸುಂಕ, ಗಣಿ, ಅಳತೆ, ಗೂಢಚಾರ, ಆನೆಗಳ ಪಾಲನೆ ಇವುಗಳನ್ನು ಕುರಿತು ಇಷ್ಟು ವಿಸ್ತಾರವಾಗಿ ಬರೆದ ಗ್ರಂಥವೊಂದು ಭಾರತದಲ್ಲಿದ್ದಿತೆಂಬ ವಾರ್ತೆಯು ಪ್ರಾಚೀನ ಭಾರತೀಯರನ್ನು ಕೇವಲ ಪರಲೋಕಚಿಂತಕರೆಂದು ಬಗೆದಿದ್ದವರ ಅಭಿಪ್ರಾಯವನ್ನು ಬದಲಿಸಿತು.

ಗ್ರಂಥವು ದೊರೆತುದರಿಂದ ಪ್ರಶ್ನೆಗಳು ಮುಗಿಯಲಿಲ್ಲ. ಇದು ಚಂದ್ರಗುಪ್ತನ ಮಂತ್ರಿಯದೇ, ಅಥವಾ ಅನೇಕ ಕರ್ತೃಗಳ ಸಂಕಲನವೇ ಎಂಬ ವಿವಾದವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದ ಮೇಲೆ, 1971ರಲ್ಲಿ ಥಾಮಸ್ ಟ್ರೌಟ್‌ಮನ್ ಎಂಬ ವಿದ್ವಾಂಸನು ‘ಚ’, ‘ವಾ’, ‘ಏವ’ ಮುಂತಾದ ಅತ್ಯಲ್ಪ ಪದಗಳು ಬೇರೆ ಬೇರೆ ಅಧಿಕರಣಗಳಲ್ಲಿ ಎಷ್ಟೆಷ್ಟು ಸಾರಿ ಬರುತ್ತವೆಂಬುದನ್ನು ಸಂಖ್ಯಾಶಾಸ್ತ್ರದಿಂದ ಪರೀಕ್ಷಿಸಿ, ಗ್ರಂಥವು ಒಬ್ಬನ ಕೃತಿಯಲ್ಲವೆಂದು ವಾದಿಸಿದನು. ಲೇಖಕನು ತಾನೇ ಗಮನಿಸದೆ ಬಳಸುವ ಅವ್ಯಯಗಳು ಅವನನ್ನು ಗುರುತಿಸಬಲ್ಲವೆಂಬ ಈ ವಿಚಾರವನ್ನು ಎಲ್ಲರೂ ಒಪ್ಪಿಲ್ಲವಾದರೂ, ಗಣಿತವು ಪಾಠವಿಮರ್ಶೆಯ ಅಂಗಳಕ್ಕೆ ಕಾಲಿಟ್ಟುದನ್ನು ಕಡೆಗಣಿಸುವಂತಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿಯೇ ಗ್ರಂಥಪಾಲಕರಾಗಿ ಜೀವನವನ್ನಾರಂಭಿಸಿದ ಎಂ. ಹಿರಿಯಣ್ಣನವರು 1932ರಲ್ಲಿ ಭಾರತೀಯ ದರ್ಶನಗಳ ರೂಪರೇಖೆಯನ್ನು ಇಂಗ್ಲಿಷಿನಲ್ಲಿ ಬರೆದರು. ಒಂದು ಅನಾವಶ್ಯಕ ವಾಕ್ಯವೂ ಇಲ್ಲದ ಆ ಗ್ರಂಥವು ಇಂದಿಗೂ ಪಠ್ಯವಾಗಿ ಉಳಿದಿರುವುದು ಅವರ ಸಂಯಮಕ್ಕೆ ಸಂದ ಗೌರವ.

ಕನ್ನಡ ಭಾಷೆ ಮತ್ತು ಸಾಹಿತ್ಯಗಳ ಕ್ಷೇತ್ರದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ 1894ರಲ್ಲಿ ಹೊರಬಂದ, ಸುಮಾರು 70,000 ಶಬ್ದಗಳುಳ್ಳ ಫರ್ಡಿನೆಂಡ್ ಕಿಟ್ಟೆಲರ ನಿಘಂಟನ್ನೂ, 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟವಾದ ‘ಕರ್ನಾಟಕ ಕವಿಚರಿತೆ’ಯನ್ನೂ ಆಧಾರಸ್ತಂಭಗಳೆನ್ನಬೇಕು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ 1927ರಲ್ಲಿ ಕನ್ನಡ ಎಂ.ಎ. ತರಗತಿಯು ಆರಂಭವಾದ ಮೇಲೆ ಗ್ರಂಥಸಂಪಾದನೆಯು ಒಂದು ಶಾಸ್ತ್ರವಾಗಿ ಬೆಳೆಯಿತು, ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಹೊರತಂದ ‘ವಡ್ಡಾರಾಧನೆ’ಯು ಅದಕ್ಕೆ ಉತ್ತಮ ನಿದರ್ಶನ. ಆದರೆ ವಿದ್ಯಾಪೀಠದ ಹೊರಗೆ ನಡೆದ ಕೆಲಸವೂ ಇದಕ್ಕೆ ಕಡಮೆಯದಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮಠಗಳಲ್ಲಿಯೂ ಮನೆಗಳ ಜಗುಲಿಗಳಲ್ಲಿಯೂ ಪೂಜೆಗೊಂಡು ಮೌನವಾಗಿದ್ದ ತಾಡವೋಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಮುದ್ರಿಸಿ, ಅನಂತರ ತಮ್ಮದೇ ಮುದ್ರಣಾಲಯವನ್ನು ಕಟ್ಟಿ ಸರ್ವಸ್ವವನ್ನೂ ಅದಕ್ಕೆ ಸುರಿದರು. ಹುದ್ದೆಯಾಗಲಿ ವೇತನವಾಗಲಿ ಇಲ್ಲದೆ ಒಬ್ಬ ವ್ಯಕ್ತಿಯು ಒಂದು ಇಡೀ ಸಾಹಿತ್ಯಪ್ರಕಾರವನ್ನು ನಾಡಿಗೆ ಮರಳಿ ಕೊಟ್ಟ ಈ ಕಾರ್ಯವನ್ನು ಸಂಶೋಧನೆಯ ಚರಿತ್ರೆಯಲ್ಲಿ ಅಗ್ರಪಂಕ್ತಿಯಲ್ಲಿಯೇ ಇರಿಸತಕ್ಕದ್ದು.

ಪ್ರಯೋಗವಿಜ್ಞಾನಗಳಿಗೆ ನೆಲೆಯಾದುದು ಬೆಂಗಳೂರು. ಜಮ್‌ಷೇಟ್‌ಜಿ ತಾತಾ ಅವರ ಉದ್ದೇಶದಂತೆ 1898ರಲ್ಲಿ ಸಿದ್ಧವಾದ, ಸಂಶೋಧನಾ ವಿದ್ಯಾಲಯವೊಂದರ ಕರಡು ಯೋಜನೆಯಲ್ಲಿ ವಿಜ್ಞಾನ ಹಾಗೂ ವೈದ್ಯದ ವಿಭಾಗಗಳೊಡನೆ ದರ್ಶನ, ಶಿಕ್ಷಣ, ಇತಿಹಾಸ, ಭಾಷಾಶಾಸ್ತ್ರಗಳಿಗೂ ಸ್ಥಾನವಿದ್ದಿತು. ಸರ್ಕಾರದ ಪರಿಶೀಲನೆಯಲ್ಲಿ ಯೋಜನೆಯು ಕಿರಿದಾಗುತ್ತ ಹೋಗಿ, ಮೈಸೂರು ಸಂಸ್ಥಾನವು ಕೊಟ್ಟ 371 ಎಕರೆ ಭೂಮಿಯಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರದಲ್ಲಿ, 1911ರಲ್ಲಿ ವಿದ್ಯಾರ್ಥಿಗಳು ಬಂದಾಗ, ರಸಾಯನ ಮತ್ತು ವಿದ್ಯುತ್ ವಿಷಯಗಳು ಮಾತ್ರ ಉಳಿದಿದ್ದುವು. ಶಾಮಶಾಸ್ತ್ರಿಗಳ ಮೈಸೂರೂ ರಸಾಯನಜ್ಞರ ಬೆಂಗಳೂರೂ ಒಂದೇ ಆವರಣದಲ್ಲಿ ಬೆಳೆಯುವ ಅವಕಾಶವು ಹೀಗೆ ತಪ್ಪಿಹೋದುದು ಈ ನಾಡಿನ ವಿದ್ಯೆಗೆ ಆದ ದೊಡ್ಡ ನಷ್ಟ. 1933ರಲ್ಲಿ ಸಿ. ವಿ. ರಾಮನ್ ಅವರು ನಿರ್ದೇಶಕರಾಗಿ ಬಂದು ಭೌತವಿಜ್ಞಾನದ ವಿಭಾಗವನ್ನು ತೆರೆದರು. ನಾಗೇಂದ್ರನಾಥರೊಡನೆ ಅವರು ಪ್ರತಿಪಾದಿಸಿದ, ಶಬ್ದತರಂಗಗಳಿಂದ ಬೆಳಕು ವಿವರ್ತನೆಗೊಳ್ಳುವ ಸಿದ್ಧಾಂತವು ಇಲ್ಲಿಯದೇ.

ಇದಕ್ಕಿಂತ ಜನಜೀವನಕ್ಕೆ ಸಮೀಪವಾದ ಶೋಧನೆಯೊಂದು ಮಲೆನಾಡಿನ ಅಡಕೆ ತೋಟಗಳಲ್ಲಿ ನಡೆಯಿತು. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರಿ, ಕೆಲವೇ ವಾರಗಳಲ್ಲಿ ವರ್ಷದ ಫಸಲನ್ನು ನುಂಗುವ ಕೊಳೆರೋಗಕ್ಕೆ ಪ್ರತಿಯಾಗಿ ಬೆಳೆಗಾರರು ಕೊನೆಗಳಿಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಮಾಡುತ್ತಿದ್ದರು. 1908ರಲ್ಲಿ ಮೈಸೂರಿನ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್, ಕೊಳೆತ ಕಾಯಿಯಿಂದ ಬೂಷ್ಟನ್ನು ಬೇರ್ಪಡಿಸಿ ಬೆಳೆಸಿ, ಅದು ಫೈಟಾಫ್ತೊರ ಜಾತಿಯದೆಂದು 1910ರಲ್ಲಿ ನಿರೂಪಿಸಿ, ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಕೊನೆಗಳಿಗೆ ಸಿಂಪಡಿಸುವ ಉಪಾಯವನ್ನು ಬಳಕೆಗೆ ತಂದನು. ಔಷಧಿ ಹೊಡೆಯುವ ಆ ಪದ್ಧತಿಯು ಇಂದಿಗೂ ಮಲೆನಾಡಿನ ಜ್ಯೇಷ್ಠ-ಆಷಾಢಗಳ ಕೆಲಸವಾಗಿಯೇ ಇದೆ. ಕೊಟ್ಟೆ ಕಟ್ಟುತ್ತಿದ್ದವರ ತಿಳಿವಳಿಕೆಯು ತಪ್ಪಾಗಿರಲಿಲ್ಲ, ತೇವವೇ ಶತ್ರುವೆಂಬುದನ್ನು ಅವರು ಸರಿಯಾಗಿಯೇ ಕಂಡಿದ್ದರು. ತೇವದಲ್ಲಿ ಏನು ಬೆಳೆಯುತ್ತದೆಂಬುದನ್ನು ಸೂಕ್ಷ್ಮದರ್ಶಕವು ತೋರಿಸಿತು. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡ ಗಂಧದ ಮರದ ಸ್ಪೈಕ್ ರೋಗದ ವಿಷಯದಲ್ಲಾದರೋ ಇಂತಹ ಜಯ ದೊರೆಯಲಿಲ್ಲ. ಬೆಂಗಳೂರಿನ ಮಂದಿರದಲ್ಲಿ ದಶಕಗಟ್ಟಲೆ ಪರಿಶ್ರಮಪಟ್ಟರೂ ಅದರ ಕಾರಣವು ಬಹುಕಾಲ ಅಗೋಚರವಾಗಿಯೇ ಉಳಿಯಿತು.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ವೃತ್ತಾಂತದಲ್ಲಿ ಶಾಸ್ತ್ರಗಳು ಒಂದಕ್ಕೊಂದು ನೆರವಾದುದು ಸ್ಪಷ್ಟವಾಗಿ ಕಾಣುತ್ತದೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ದಹನದ ಬೂದಿಯೆಂದು ಜನರು ನಂಬುತ್ತ ಬಂದಿದ್ದರು. ಭೂವಿಜ್ಞಾನಿಯಾದ ರಾಬರ್ಟ್ ಬ್ರೂಸ್ ಫೂಟ್ ಇಂತಹ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸೆಗಣಿಯಿಂದ ಆದುವೆಂದು ಊಹಿಸಿದನು. ಜ್ವಾಲಾಮುಖಿಯ ಅವಶೇಷವೆಂದೂ ಲೋಹ ಕರಗಿಸಿದ ಕಿಟ್ಟವೆಂದೂ ಬೇರೆಯವರು ಹೇಳಿದರು. ಕಪಗಲ್ಲಿನ ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ ಫ್ರೆಡರಿಕ್ ಜೋಯ್ನರ್, ಉತ್ನೂರಿನಲ್ಲಿ ಉತ್ಖನನ ನಡೆಸಿ ದನಗಳ ಗೊರಸಿನ ಗುರುತುಗಳನ್ನು ಕಂಡ ರೇಮಂಡ್ ಆಲ್ಚಿನ್ ಇವರಿಬ್ಬರಿಂದ ಫೂಟನ ಊಹೆಯೇ ಸ್ಥಿರಪಟ್ಟಿತು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆದ ಮಾರ್ಟಿಮರ್ ವ್ಹೀಲರ್ ಅಲ್ಲಿಯ ಶಿಲಾಕೊಡಲಿಗಳ ಸಂಸ್ಕೃತಿಯನ್ನು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನಕ್ಕೆ ಸೇರಿಸಿದ್ದನು. ಮಡಕೆಗಳ ಹೋಲಿಕೆಯಿಂದ ಮಾಡಿದ ಆ ಲೆಕ್ಕವನ್ನು, ಅನಂತರ ಬಂದ ರೇಡಿಯೋಕಾರ್ಬನ್ ಪರೀಕ್ಷೆಯು ದಕ್ಷಿಣದ ನವಶಿಲಾಯುಗವನ್ನು ಮೂರನೆಯ ಸಹಸ್ರಮಾನದವರೆಗೆ ಹಿಂದಕ್ಕೆ ಒಯ್ದು ತಿದ್ದಿತು. ನೆಲದ ಆಳವು ಭೌತವಿಜ್ಞಾನಕ್ಕೂ ನೆರವಾಯಿತು: ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ನೆಲದಡಿ ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹು 1965ರಲ್ಲಿ ದೊರೆತುದು ಭೌತವಿಜ್ಞಾನದ ಚರಿತ್ರೆಯಲ್ಲಿ ಗಣ್ಯವಾದ ಘಟನೆ.

ಸಮಾಜವಿಜ್ಞಾನದಲ್ಲಿ ಮೈಸೂರಿನವರಾದ ಎಂ. ಎನ್. ಶ್ರೀನಿವಾಸರು 1948ರಲ್ಲಿ, ತಾವು ರಾಂಪುರವೆಂಬ ಕಲ್ಪಿತನಾಮದಿಂದ ಕರೆದ ಹಳ್ಳಿಯಲ್ಲಿ ವಾಸವಾಗಿದ್ದು, ಜಾತಿಯನ್ನು ಧರ್ಮಶಾಸ್ತ್ರಗಳಿಂದಲ್ಲದೆ ನಿತ್ಯವ್ಯವಹಾರದಿಂದ ಅರಿಯುವ ಮಾರ್ಗವನ್ನು ಹಿಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೊಠಡಿಗೆ ದುಷ್ಕರ್ಮಿಗಳು ಬೆಂಕಿಯಿಟ್ಟಾಗ, ವರ್ಷಗಳಿಂದ ಸಂಸ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ನಾಶವಾದುವು. ಸಾಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞನ ಸಲಹೆಯಂತೆ ಸ್ಮರಣೆಯನ್ನೇ ಆಧಾರ ಮಾಡಿಕೊಂಡು ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಶಾಸನಜ್ಞನು ಕಲ್ಲಿಗೆ, ಸಂಪಾದಕನು ಓಲೆಗೆ, ರಸಾಯನಜ್ಞನು ಪ್ರಯೋಗಕ್ಕೆ ಮರಳಿ ಹೋಗಬಲ್ಲರು; ಇಲ್ಲಿ ಓದುಗರು ಲೇಖಕರ ನೆನಪನ್ನು ನಂಬಬೇಕಾಯಿತು. ಆದರೂ ಗ್ರಾಮದ ಯಜಮಾನನ ಠೀವಿ, ಒಕ್ಕಲುಗಳ ಜಗಳ, ನೀರಿನ ಹಂಚಿಕೆಯ ತಂಟೆಗಳು ಆ ಪುಸ್ತಕದಲ್ಲಿ ಜೀವಂತವಾಗಿ ನಿಂತಿರುವುದರಿಂದ ಗ್ರಾಮಾಧ್ಯಯನವನ್ನು ಕೈಗೊಳ್ಳುವವರು ಅದನ್ನು ಓದುತ್ತಲೇ ಇದ್ದಾರೆ, ಸ್ಮೃತಿಯು ಎಷ್ಟರ ಮಟ್ಟಿಗೆ ಪ್ರಮಾಣವಾಗಬಲ್ಲುದೆಂದು ಚರ್ಚಿಸುತ್ತಲೂ ಇದ್ದಾರೆ.