ರೈಲಿಲ್ಲದ ಸೀಮೆಯವರೂ ಬೆಂಗಳೂರಿನ ಮೆಟ್ರೋ ರೈಲೂ

ಕೊಡಗಿನಲ್ಲಿ ರೈಲುಹಾದಿಯಿಲ್ಲವೆಂಬುದು ವಾಚಕರೆಲ್ಲರಿಗೂ ತಿಳಿದ ಸಂಗತಿಯೇ. ಬೆಂಗಳೂರಿನ ದಂಡಿಗೆ 1864ರಲ್ಲಿಯೇ ಜೋಲಾರಪೇಟೆಯ ಕಡೆಯಿಂದ ಉಗಿಬಂಡಿ ಬಂದಿತು. ನಮಗಾದರೋ ಇಂದಿಗೂ ಮೈಸೂರಿನವರೆಗೆ ರಸ್ತೆಯೇ ಗತಿ. ಆದುದರಿಂದ ಗೋಣಿಕೊಪ್ಪಲಿನಿಂದ ಮಕ್ಕಳ ಮನೆಗೋ ಆಸ್ಪತ್ರೆಗೋ ಹೊರಟ ಹಿರಿಯರು ಮೆಟ್ರೋ ನಿಲ್ದಾಣದ ಮುಂದೆ ತಬ್ಬಿಬ್ಬಾಗಿ ನಿಂತರೆ ಆಶ್ಚರ್ಯವಿಲ್ಲ.

ಈ ಹಾದಿಗಳ ಚರಿತ್ರೆಯನ್ನರಿತರೆ ಗೊಂದಲವು ಬಹುಮಟ್ಟಿಗೆ ನೀಗುವುದು. ಅವು ಒಮ್ಮೆಗೇ ಹುಟ್ಟಿದುವಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವಣ ಮೊದಲ ತುಂಡು ತೆರೆಯಿತು. 2015ರಲ್ಲಿ ಪಶ್ಚಿಮಕ್ಕೆ ಮೈಸೂರು ರಸ್ತೆಯ ತುಂಡು ಸಿದ್ಧವಾಯಿತು. 2016ರಲ್ಲಿ ನೆಲದೊಳಗಿನ ಸುರಂಗವು ಇವೆರಡನ್ನೂ ಬೆಸೆಯಿತು. ಇದೇ ನೇರಳೆ ಮಾರ್ಗ. 2017ರಲ್ಲಿ ಬಡಗಣಿಂದ ತೆಂಕಣಕ್ಕೆ ಹರಿಯುವ ಹಸುರು ಮಾರ್ಗವು ಮೆಜೆಸ್ಟಿಕ್ಕಿನಲ್ಲಿ ಅದನ್ನು ಸಂಧಿಸಿತು. 2025ರ ಹಳದಿ ಮಾರ್ಗವು ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ ಹಸುರನ್ನು ಕೂಡುತ್ತದೆ.

ಪ್ರಯಾಣಿಕನು ನೆನಪಿಡಬೇಕಾದುದು ಎರಡೇ: ತಾನಿಳಿಯುವ ಸ್ಥಳವು ಯಾವ ಬಣ್ಣದ್ದು, ಬಂಡಿಯು ಯಾವ ಕೊನೆಗೆ ಹೋಗುವುದು. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ದೀಪಾಂಜಲಿನಗರದ ನಿಲ್ದಾಣವು ಸಮೀಪ. ಅಲ್ಲಿ ವೈಟ್‌ಫೀಲ್ಡಿನ ದಿಕ್ಕಿನ ಬಂಡಿಯನ್ನೇರಿದರೆ ಪೇಟೆಯ ಕಡೆಗೆ. ಚಲ್ಲಘಟ್ಟದ ಬಂಡಿಯನ್ನೇರಿದರೆ ಮರಳಿ ಕೆಂಗೇರಿಯ ಕಡೆಗೆ. ಹಸುರು ಮಾರ್ಗಕ್ಕೆ ಹೋಗುವವರು ಮೆಜೆಸ್ಟಿಕ್ಕಿನಲ್ಲಿ ಇಳಿಯತಕ್ಕದ್ದು.

ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿರುವುದು ಹಿಂದಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ನೀರು ಕೂಡುತ್ತಿದ್ದೆಡೆಯಲ್ಲಿ ಇಂದು ಜನವು ಕೂಡುತ್ತದೆ. ಹೊಳೆಯ ಹರಿವನ್ನು ನೋಡಿ ಕಾಡಿನೊಳಗೆ ದಿಕ್ಕನ್ನರಿಯುವ ನಮ್ಮವರಿಗೆ ಇದು ಅಸಾಧ್ಯವಾದ ವಿದ್ಯೆಯೇನಲ್ಲ.