ಏಳಕ್ಷರದ ರಾಣಿ

ನಮ್ಮ ಕಡೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಹೇಳಿ ಮುಗಿಸುವಷ್ಟರಲ್ಲಿ ಸುತ್ತ ಕೂತ ಹೆಂಗಸರಿಂದ ಬೆನ್ನಿಗೆ ನಾಲ್ಕು ಗುದ್ದೂ ಬೀಳುತ್ತವೆ, ಅದು ಬೇರೆ ಮಾತು :) ಅಣ್ಣನಿಗೆ ಹೆಣ್ಣುಮಗು ಹುಟ್ಟಿದೆ, ಸರದಿ ಈಗ ನನ್ನದು. ಗುದ್ದು ಹೇಗೂ ತಪ್ಪಲ್ಲ, ಹೆಸರಾದರೂ ಗಟ್ಟಿಯಾಗಿರಲಿ ಅಂತ ಹುಡುಕಲು ಕೂತೆ.

ಈಗಿನ ಹೆಸರುಗಳೆಲ್ಲ ಎರಡಕ್ಷರದವು. ಆದ್ಯ, ಅನ್ವಿ, ದಿಯಾ, ರಿಯಾ... ಚೆನ್ನಾಗೇ ಇವೆ. ಆದರೆ ನಾನು ಹುಡುಕಿದ್ದು ಹೆಸರುಗಳ ಪಟ್ಟಿಯಲ್ಲಲ್ಲ, ಶಾಸನಗಳಲ್ಲಿ. ಅಲ್ಲಿ ಸಿಕ್ಕವಳು ತ್ರೈಲೋಕ್ಯಮಹಾದೇವಿ.

ಪಟ್ಟದಕಲ್ಲಿಗೆ ಹೋದವರೆಲ್ಲ ವಿರೂಪಾಕ್ಷ ಗುಡಿ ನೋಡಿರ್ತೀರಿ. ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅದನ್ನು ಕಟ್ಟಿಸಿದ್ದು ಅವನ ರಾಣಿ ಲೋಕಮಹಾದೇವಿ, ಸುಮಾರು ಕ್ರಿ.ಶ. 740ರ ಆಸುಪಾಸು. ಪಕ್ಕದಲ್ಲೇ ಇರುವ ಮಲ್ಲಿಕಾರ್ಜುನ ಗುಡಿಯನ್ನು ಕಟ್ಟಿಸಿದ್ದು ಆಕೆಯ ತಂಗಿ, ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. ಹೈಹಯ ಮನೆತನದ ಹೆಣ್ಣುಮಕ್ಕಳು ಇವರು. ಬಾದಾಮಿ ಚಾಲುಕ್ಯರ ಕೊನೆಯ ಅರಸ ಎರಡನೆಯ ಕೀರ್ತಿವರ್ಮ ಈ ತಂಗಿಯ ಮಗ.

ನನಗೆ ಹಿಡಿಸಿದ್ದು ಗುಡಿಗಳ ಹಳೆಯ ಹೆಸರು. ಆಗ ಅವು ವಿರೂಪಾಕ್ಷವೂ ಅಲ್ಲ, ಮಲ್ಲಿಕಾರ್ಜುನವೂ ಅಲ್ಲ: ಲೋಕೇಶ್ವರ ಮತ್ತು ತ್ರೈಲೋಕ್ಯೇಶ್ವರ. ಅಂದರೆ ದೇವರಿಗೇ ಈ ಅಕ್ಕ-ತಂಗಿಯರ ಹೆಸರು! ಕಾಲಾಂತರದಲ್ಲಿ ಜನರ ಬಾಯಲ್ಲಿ ದೇವರ ಹೆಸರು ಬದಲಾಯಿತು, ಜೊತೆಗೆ ರಾಣಿಯರ ಹೆಸರೂ ಹೋಯಿತು. ಕಲ್ಲಿನಲ್ಲಿ ಮಾತ್ರ ಉಳಿದಿದೆ. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಆದರೂ ಪ್ರವಾಸಿಗಳಲ್ಲಿ ಎಷ್ಟು ಜನ ಈ ಹೆಸರು ಹೇಳಿಯಾರು?

ಇವಳಿಗೆ ಪೈಪೋಟಿ ಕೊಟ್ಟವಳು ಲಕ್ಕುಂಡಿಯ ಅತ್ತಿಮಬ್ಬೆ. ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಅವಳ ಆಶ್ರಯದಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು, ಅದೂ ಒಂದೊಂದು ಅಕ್ಷರವನ್ನೂ ಕೈಯಲ್ಲೇ ಬರೆಯಬೇಕಿದ್ದ ಕಾಲದಲ್ಲಿ! (ಕಾಪಿ-ಪೇಸ್ಟ್ ಮಾಡಿ ಬದುಕುವ ನನ್ನಂಥವಳಿಗೆ ಇದು ಮೈ ಜುಮ್ಮೆನ್ನಿಸುವ ಸಂಗತಿ.) ‘ಅಬ್ಬೆ’ ಅಂದರೆ ತಾಯಿ. ಹವ್ಯಕರ ಮನೆಗಳಲ್ಲಿ ಇವತ್ತಿಗೂ ಅಮ್ಮನನ್ನು ಹಾಗೇ ಕರೆಯುತ್ತಾರೆ, ನಮ್ಮ ‘ಅವ್ವ’ನೂ ಅದೇ ಬಳ್ಳಿಯವಳು. ಆದರೆ ಮೂರು ಕಿಲೋ ತೂಗದ ಕೂಸನ್ನು ತಾಯಿ ಅಂತ ಕರೆಯೋದು ಹೇಗೆ ಅಂತ ನಮ್ಮವ್ವ ಒಪ್ಪಲಿಲ್ಲ. 1552ರಿಂದ 54 ವರ್ಷ ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯೂ ಪಟ್ಟಿಯಲ್ಲಿದ್ದಳು. ಹೆಸರು ಬಾಯಿಗೆ ಹೊರಳಲಿಲ್ಲವೋ ಏನೋ, ಪೋರ್ಚುಗೀಸರು ಅವಳನ್ನು ‘ಕಾಳುಮೆಣಸಿನ ರಾಣಿ’ ಅಂದುಬಿಟ್ಟರು.

ಹೀಗೆ ಏಳಕ್ಷರದವಳೇ ಗೆದ್ದಳು. ಕನ್ನಡದಲ್ಲಿ ಏಳೇ ಅಕ್ಷರ ಸ್ವಾಮಿ, ಇಂಗ್ಲಿಷಿನಲ್ಲಿ ಬರೆದರೆ ಹದಿನೇಳು. ಉದ್ದ ಯಾರ ತಪ್ಪು ಹೇಳಿ?

ಅಣ್ಣ ಕೇಳಿದ, "ಹೆಸರಿಡಾಕ ಹೊಂಟೀಯೋ, ಶಾಸನ ಬರಿಯಾಕ ಹೊಂಟೀಯೋ?" ‘ಮಹಾದೇವಿ’ ಅನ್ನೋದು ರಾಣಿಯರ ಪದವಿ, ಮಗುವಿಗೆ ಯಾಕೆ ಅಂತ ಅವನ ತಕರಾರು. ಇರಬಹುದು. ಆದರೆ ಉಡುತಡಿಯ ಅಕ್ಕನೂ ಮಹಾದೇವಿಯೇ ಅಲ್ಲವೇ? ಆಕೆ ಅರಮನೆಯನ್ನೇ ಬಿಟ್ಟು ನಡೆದವಳು.

ವೈನಿಯ ಮಾತಿಗೆ ಮಾತ್ರ ನನ್ನ ಬಳಿ ಸುಲಭದ ಉತ್ತರ ಇರಲಿಲ್ಲ. ನಮ್ಮಜ್ಜಿಯ ಹೆಸರು ಶಿವಲಿಂಗವ್ವ. ಯಾರೋ ಗುಮಾಸ್ತರು ಒಂದು ಕಾಗದದಲ್ಲಿ ‘ಶಿವವ್ವ’ ಅಂತ ಬರೆದು, ಎರಡು ಹೆಸರು ಹೊಂದದೆ ಅಜ್ಜಿಯ ಪಿಂಚಣಿ ತಿಂಗಳುಗಟ್ಟಲೆ ನಿಂತಿತ್ತು. "ಎರಡಕ್ಷರ ಬಿಟ್ರ ಇಷ್ಟು ಗದ್ದಲ. ಏಳಕ್ಷರ ಇಟ್ಟು ಕೂಸಿಗೆ ಜೀವನಪೂರ್ತಿ ಅರ್ಜಿ ಬರಿಯಾಕ ಹಚ್ಚತೀ ಏನ?" ಅಂದಳು. ಬಾಣಂತಿಯ ಮಾತು, ತಳ್ಳಿಹಾಕೋ ಹಾಗಿಲ್ಲ.

ಕಾನೂನು ನೋಡಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರಿಲ್ಲದೆಯೂ ಜನನ ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಹಾಗಾಗಿ ಆತುರವೇನೂ ಇಲ್ಲ. ಎರಡೂ ಲಿಪಿಯಲ್ಲಿ ನಾನೇ ಬರೆದುಕೊಟ್ಟು, ಪ್ರಮಾಣಪತ್ರದ ಅಕ್ಷರ ಅಕ್ಷರ ತಾಳೆ ನೋಡಿ, ಆಮೇಲೆ ಉಳಿದೆಲ್ಲ ಕಾಗದಗಳನ್ನು ಅದರ ಪ್ರಕಾರವೇ ಮಾಡಿಸೋದು ಅಂತ ಮಾತು ಕೊಟ್ಟಿದ್ದೇನೆ. ವೈನಿ ಎರಡು ದಿನ ಯೋಚಿಸಿ ಒಪ್ಪಿದಳು, ಒಂದು ಷರತ್ತಿನ ಮೇಲೆ. ಹೆಸರು ಇಡೋದು ನಾನು, ಆದರೆ ಮನೆಯಲ್ಲಿ ಏನಂತ ಕರೆಯೋದು ಅನ್ನೋದು ಅವಳ ಇಷ್ಟ.

ಸದ್ಯ ಅವ್ವ ತೊಟ್ಟಿಲ ಮುಂದೆ ಕೂತು ‘ತಿರಲೋಕಿ, ತಿರಲೋಕಿ’ ಅಂತಿದ್ದಾಳೆ. ಹೆಸರಿಡೋಕೆ ಇನ್ನೂ ಆರು ದಿನ ಇದೆ, ಅಷ್ಟರಲ್ಲಿ ಸರಿಹೋಗುತ್ತೆ :)