ಟೈಫೂನಿನ ಬೆನ್ನು ಹತ್ತಿದ ಪಾದರಸ

ಉಷ್ಣವಲಯದ ಕಡಲಿನಲ್ಲಿ ಬ್ಯಾರೋಮೀಟರಿನಷ್ಟು ಬೇಸರ ತರಿಸುವ ಉಪಕರಣ ಇನ್ನೊಂದಿಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ಪಾದರಸ ತುಸು ಏರುತ್ತದೆ, ಸಂಜೆ ನಾಲ್ಕಕ್ಕೆ ಇಳಿಯುತ್ತದೆ. ರಾತ್ರಿ ಹತ್ತಕ್ಕೆ ಮತ್ತೆ ಏರಿ ನಸುಕಿನ ನಾಲ್ಕಕ್ಕೆ ಮತ್ತೆ ಇಳಿಯುತ್ತದೆ. ಈ ಏರಿಳಿತವೆಲ್ಲ ಎರಡು ಮಿಲಿಮೀಟರಿನ ಆಸುಪಾಸು, ಅಷ್ಟೇ. ಆದರೆ ಆ ಬೇಸರವೇ ಬಂಡವಾಳ. ಏರಬೇಕಾದ ಹೊತ್ತಿನಲ್ಲಿ ಪಾದರಸ ಏರದಿದ್ದರೆ, ಅಥವಾ ಇಳಿದರೆ, ಆಕಾಶ ಎಷ್ಟೇ ತಿಳಿಯಾಗಿರಲಿ, ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ. ಪಶ್ಚಿಮ ಪೆಸಿಫಿಕ್ ಸಾಗರದಲ್ಲಿ ಟೈಫೂನ್ ಎಂದು ಕರೆಯುವ ಬಿರುಗಾಳಿಗಳ ಅಧ್ಯಯನ ಬೆಳೆದದ್ದು ಇಂಥ ಸಣ್ಣ ತಪ್ಪುಹೆಜ್ಜೆಗಳನ್ನು ಗುರುತಿಸುತ್ತ. ಉಪಕರಣವೇನೋ ಬೇಗನೆ ಸಿದ್ಧವಾಗಿತ್ತು. ಒಬ್ಬರು ಓದಿದ ಅಂಕಿಯನ್ನು ಇನ್ನೊಬ್ಬರಿಗೆ ಮುಟ್ಟಿಸುವ, ಮುಟ್ಟಿದ್ದನ್ನು ನಂಬುವ ಏರ್ಪಾಡಿಗೆ ಮಾತ್ರ ಇನ್ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಬ್ಯಾರೋಮೀಟರಿನ ಮೂಲವಾದ, ಇಟಲಿಯ ಟೊರಿಚೆಲ್ಲಿಯ ಪಾದರಸದ ಕೊಳವೆ 1643ರದು. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ ಚೀನಾ ಸಮುದ್ರದಲ್ಲಿ ಟೈಫೂನಿಗೆ ಸಿಕ್ಕಿದ್ದು 1687ರಲ್ಲಿ. ನಡುವೆ ಗಾಳಿ ಒಮ್ಮೆಲೇ ನಿಂತು, ಬಳಿಕ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಬಡಿಯುವುದನ್ನು ಅವನು ಚೆನ್ನಾಗಿಯೇ ಬಣ್ಣಿಸಿದ. ಆದರೂ ಅದು ಒಂದು ಹಡಗು ಕಂಡ ಒಂದು ಬಿರುಗಾಳಿ. ಒಂದೇ ಹಡಗಿನಲ್ಲಿ ಬ್ಯಾರೋಮೀಟರ್ ಇದ್ದರೂ ಅದು ಹೇಳುವುದು ಇಷ್ಟೇ: ಹತ್ತಿರದಲ್ಲಿ ಕಡಿಮೆ ಒತ್ತಡವಿದೆ. ಯಾವ ದಿಕ್ಕಿನಲ್ಲಿದೆ, ಯಾವ ಕಡೆ ಹೊರಟಿದೆ ಎಂದು ತಿಳಿಯಲು ಎರಡನೆಯ, ಮೂರನೆಯ ಹಡಗು ಬೇಕು.

ಆ ಹಡಗುಗಳನ್ನು ಕಾಗದದ ಮೇಲೆ ಒಟ್ಟಿಗೆ ತಂದ ಕೆಲಸ ಹತ್ತೊಂಬತ್ತನೆಯ ಶತಮಾನದ್ದು. ಅಮೆರಿಕದ ವಿಲಿಯಂ ರೆಡ್‌ಫೀಲ್ಡ್ 1831ರಲ್ಲಿ ಬಿರುಗಾಳಿ ಸುತ್ತುತ್ತ ಸಾಗುತ್ತದೆ ಎಂದು ವಾದಿಸಿದ. 1838ರಲ್ಲಿ ವಿಲಿಯಂ ರೀಡ್ ಹಡಗುಗಳ ಲಾಗ್ ಪುಸ್ತಕಗಳಿಂದ ಅದನ್ನೇ ಗಟ್ಟಿಗೊಳಿಸಿದ. ಏಷ್ಯಾದ ಕಡಲುಗಳಲ್ಲಿ ಈ ಕೆಲಸವನ್ನು ಹಟ ಹಿಡಿದು ಮಾಡಿದವನು ಕಲ್ಕತ್ತೆಯಲ್ಲಿ ನೆಲೆಸಿದ್ದ ಮಾಜಿ ನಾವಿಕ ಹೆನ್ರಿ ಪಿಡಿಂಗ್ಟನ್. ಬಂದರಿಗೆ ಬಂದ ಹಡಗುಗಳ ಲಾಗ್ ಪುಸ್ತಕಗಳನ್ನು ಸಂಗ್ರಹಿಸಿ, ಒಂದೇ ಹೊತ್ತಿನಲ್ಲಿ ಬೇರೆಬೇರೆ ಹಡಗುಗಳು ಕಂಡ ಗಾಳಿ, ಓದಿದ ಪಾದರಸವನ್ನು ನಕ್ಷೆಗಿಳಿಸಿ, 1839ರಿಂದ ಒಂದಾದ ಮೇಲೊಂದು ಪ್ರಬಂಧ ಬರೆದ. ಅವುಗಳಲ್ಲಿ ಒಂದು 1780ರಿಂದ 1841ರವರೆಗಿನ ಚೀನಾ ಸಮುದ್ರದ ಬಿರುಗಾಳಿಗಳ ಬಗ್ಗೆಯೇ ಇದೆ. 1845ರಲ್ಲಿ ಮಾರಿಷಸ್ ಬಳಿ ಚಾರ್ಲ್ಸ್ ಹೆಡಲ್ ಎಂಬ ಹಡಗು ಗಾಳಿಯ ಮುಂದೆ ಓಡುತ್ತ ಓಡುತ್ತ ದಿನಗಟ್ಟಲೆ ಬಿರುಗಾಳಿಯ ಸುತ್ತಲೇ ಗಿರಕಿ ಹೊಡೆದಿತ್ತು. ಅದರ ಲಾಗ್ ಪುಸ್ತಕ ಸಿಕ್ಕಾಗ ಪಿಡಿಂಗ್ಟನ್ನನಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಸೈಕ್ಲೋನ್ ಎಂಬ ಹೆಸರಿಟ್ಟವನೂ ಅವನೇ. 1848ರ ಅವನ ನಾವಿಕರ ಕೈಪಿಡಿಯಲ್ಲಿ ಕೊಂಬನ್ನು ತೆಳುವಾಗಿ ಸೀಳಿ ಮಾಡಿದ ಪಾರದರ್ಶಕ ಹಾಳೆಗಳಿದ್ದವು. ಅವುಗಳ ಮೇಲೆ ಗಾಳಿಯ ವೃತ್ತಗಳು. ಕಪ್ತಾನ ಅದನ್ನು ತನ್ನ ಸಮುದ್ರನಕ್ಷೆಯ ಮೇಲಿಟ್ಟು, ತಾನು ಕಾಣುತ್ತಿರುವ ಗಾಳಿಗೆ ಹೊಂದಿಸಿ, ಕೇಂದ್ರ ಎಲ್ಲಿದೆಯೆಂದು ಊಹಿಸಬಹುದಿತ್ತು. ಉತ್ತರಾರ್ಧಗೋಳದಲ್ಲಿ ಹಡಗು ನಿಂತಲ್ಲೇ ಇದ್ದು, ಪಾದರಸ ಇಳಿಯುತ್ತ, ಗಾಳಿಯ ದಿಕ್ಕು ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸರಿಯುತ್ತಿದ್ದರೆ ತಾನು ಬಿರುಗಾಳಿಯ ಬಲ ಮಗ್ಗುಲಿನಲ್ಲಿದ್ದೇನೆ ಎಂದು ತಿಳಿಯಬೇಕು. ಅದೇ ಅಪಾಯದ ಅರ್ಧ: ಅಲ್ಲಿ ಗಾಳಿಯ ವೇಗಕ್ಕೆ ಬಿರುಗಾಳಿಯ ನಡಿಗೆಯೂ ಸೇರಿಕೊಳ್ಳುತ್ತದೆ.

ಈ ನಿಯಮಗಳಲ್ಲಿ ದೋಷವಿರಲಿಲ್ಲವೆಂದಲ್ಲ. ಗಾಳಿ ಶುದ್ಧ ವೃತ್ತದಲ್ಲಿ ಬೀಸುವುದಿಲ್ಲ, ಒಳಮುಖವಾಗಿ ಸುರುಳಿ ಸುತ್ತುತ್ತದೆ. ವೃತ್ತವನ್ನೇ ನಂಬಿದವನ ಲೆಕ್ಕದಲ್ಲಿ ಕೇಂದ್ರದ ಸ್ಥಾನ ತಪ್ಪುತ್ತಿತ್ತು. ಜೋಸೆಫ್ ಕಾನ್ರಾಡನ ‘ಟೈಫೂನ್’ ಕಥೆಯ ಕಪ್ತಾನ ಬಿರುಗಾಳಿಯ ಅಧ್ಯಾಯ ಓದಿಯೂ ಅದನ್ನು ಬದಿಗೊತ್ತಿ ನೆಟ್ಟಗೆ ನುಗ್ಗುತ್ತಾನೆ. ಓದುಗರು ಅವನನ್ನು ಮೊದ್ದು ಎನ್ನುತ್ತಾರೆ. ಆ ಕಾಲದ ಪುಸ್ತಕಗಳನ್ನು ನೋಡಿದರೆ ಅವನ ಅನುಮಾನ ಪೂರ್ತಿ ಮೊದ್ದುತನವೆನಿಸುವುದಿಲ್ಲ. ಈ ನಡುವೆ ಅಂಕಿಗಳನ್ನು ಕೂಡಿಸುವ ಕೆಲಸವೂ ಬೆಳೆಯಿತು. 1853ರ ಬ್ರಸೆಲ್ಸ್ ಸಮ್ಮೇಳನದಲ್ಲಿ, ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿಯ ಒತ್ತಾಸೆಯಿಂದ, ಹಡಗುಗಳು ಹವಾಮಾನವನ್ನು ಒಂದೇ ಮಾದರಿಯಲ್ಲಿ ಬರೆದಿಡಬೇಕೆಂದು ಕಡಲ ರಾಷ್ಟ್ರಗಳು ಒಪ್ಪಿದವು. ಹಡಗು ಓಲಾಡಿದಾಗ ಪಾದರಸ ಕುಪ್ಪಳಿಸದಂತೆ ಕೊಳವೆಯನ್ನು ಒಂದೆಡೆ ಕಿರಿದುಗೊಳಿಸಿದ ಬ್ಯಾರೋಮೀಟರುಗಳೂ, ಪಾದರಸವೇ ಬೇಡದ ಅನಿರಾಯ್ಡ್ ಡಬ್ಬಿಗಳೂ ಬಂದವು. ಆದರೂ ಇದೆಲ್ಲ ಮರಣೋತ್ತರ ಪರೀಕ್ಷೆ. ಬಿರುಗಾಳಿ ಹೋದ ತಿಂಗಳುಗಳ ಮೇಲೆ ಅದು ಯಾವ ದಾರಿ ಹಿಡಿದಿತ್ತೆಂದು ಗೊತ್ತಾಗುತ್ತಿತ್ತು.

ಬಿರುಗಾಳಿ ಇನ್ನೂ ದಾರಿಯಲ್ಲಿರುವಾಗಲೇ ಹೇಳುವ ಸಾಹಸಕ್ಕೆ ಮನಿಲಾ ಮುಂದಾಯಿತು. ಜೆಸ್ಯೂಟ್ ಪಾದ್ರಿಗಳು 1865ರಲ್ಲಿ ಕಟ್ಟಿದ ವೀಕ್ಷಣಾಲಯದಲ್ಲಿ ಫೆಡೆರಿಕೊ ಫೌರಾ ಎಂಬಾತ ಬ್ಯಾರೋಮೀಟರಿನ ದಿನನಿತ್ಯದ ಲಯ, ಎತ್ತರದ ಗರಿಮೋಡಗಳು ಹರಡುವ ದಿಕ್ಕು, ಗಾಳಿ ಇವನ್ನು ಜೋಡಿಸಿ ನೋಡುತ್ತಿದ್ದರು. 1879ರ ಜುಲೈ 7ರಂದು ಅವರು ಉತ್ತರ ಲುಜಾನಿಗೆ ಟೈಫೂನ್ ಬರುತ್ತದೆಂದು ಎಚ್ಚರಿಸಿದರು, ಬಂತು. ಅದೇ ನವೆಂಬರಿನಲ್ಲಿ ಮನಿಲಾಕ್ಕೇ ಎಚ್ಚರಿಕೆ ಕೊಟ್ಟಾಗ ಬಂದರಿನ ಅಧಿಕಾರಿಗಳು ಹಡಗುಗಳನ್ನು ತಡೆಹಿಡಿದರು. ವರ್ತಕರ ನಂಬಿಕೆ ಗೆದ್ದದ್ದು ಅಲ್ಲಿಂದ. 1886ರಲ್ಲಿ ಫೌರಾ ಆ ಸೀಮೆಗೆಂದೇ ಗುರುತು ಹಾಕಿದ ಅನಿರಾಯ್ಡ್ ಬ್ಯಾರೋಮೀಟರನ್ನು ರೂಪಿಸಿದರು. ಲಂಡನ್ನಿನ ಡಬ್ಬಿಗಳ ಮೇಲೆ ‘ಮಳೆ’, ‘ಒಣಹವೆ’ ಎಂದು ಬರೆದಿರುತ್ತಿದ್ದ ಅಕ್ಷರಗಳು ಫಿಲಿಪ್ಪೀನ್ಸಿನಲ್ಲಿ ನಗೆಪಾಟಲು. ಅವರ ನಂತರ ಬಂದ ಹೋಸೆ ಅಲ್ಗ್ವೆ ಅದಕ್ಕೆ ಗಾಳಿಯ ಚಕ್ರವನ್ನೂ ಸೇರಿಸಿ, ಕಪ್ತಾನ ಕೇಂದ್ರದ ದಿಕ್ಕನ್ನು ನೇರವಾಗಿ ಓದಿಕೊಳ್ಳುವಂತೆ ಮಾಡಿದರು.

1880ರಲ್ಲಿ ಮನಿಲಾ–ಹಾಂಗ್‌ಕಾಂಗ್ ನಡುವೆ ಸಮುದ್ರದಡಿಯ ತಂತಿ ಎಳೆದಾಗ ಮನಿಲಾದ ಬ್ಯಾರೋಮೀಟರಿನ ಅಂಕಿ ಟೈಫೂನಿಗಿಂತ ವೇಗವಾಗಿ ಓಡತೊಡಗಿತು. ಶಾಂಘೈ ಬಳಿಯ ಝಿಕಾವೈಯಲ್ಲಿ ಇನ್ನೊಂದು ಜೆಸ್ಯೂಟ್ ವೀಕ್ಷಣಾಲಯ, 1883ರಿಂದ ಹಾಂಗ್‌ಕಾಂಗಿನಲ್ಲಿ ಸರಕಾರಿ ವೀಕ್ಷಣಾಲಯ, ಜಪಾನಿನಲ್ಲಿ ದಿನದ ಹವಾಮಾನ ನಕ್ಷೆ. ಇಷ್ಟು ಕೇಂದ್ರಗಳು ಸೇರಿದರೆ ಕೆಲಸ ಸುಗಮವಾಗಬೇಕಿತ್ತು. ಆದದ್ದು ಜಗಳ. ಹಾಂಗ್‌ಕಾಂಗಿನ ಮೊದಲ ನಿರ್ದೇಶಕ ವಿಲಿಯಂ ಡೋಬೆರ್ಕ್, ಮೂಲತಃ ಖಗೋಳಜ್ಞ, ತನ್ನ ಬಂದರಿಗೆ ಮನಿಲಾ ಎಚ್ಚರಿಕೆ ಕಳಿಸುವುದನ್ನು ಸಹಿಸಲಿಲ್ಲ. ಫಿಲಿಪ್ಪೀನ್ಸ್ ಅಮೆರಿಕದ ಕೈಗೆ ಹೋದ ಹೊಸತರಲ್ಲಿ, 1899ರಲ್ಲಿ, ಅವನ ದೂರಿನ ಮೇರೆಗೆ ಮನಿಲಾದ ಎಚ್ಚರಿಕೆಗಳನ್ನೇ ಕೆಲಕಾಲ ನಿಲ್ಲಿಸಲಾಯಿತು. ಹಾಂಗ್‌ಕಾಂಗಿನ ಜನ ಗದ್ದಲವೆಬ್ಬಿಸಿದ ಮೇಲೆ ಮತ್ತೆ ಶುರುವಾದವು. ವಿಜ್ಞಾನದ ಚರಿತ್ರೆಗಳಲ್ಲಿ ಇದನ್ನು ಸ್ವಭಾವದೋಷವೆಂದು ತೇಲಿಸಿಬಿಡುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಎಚ್ಚರಿಕೆ ಯಾರ ಹೆಸರಿನಲ್ಲಿ ಹೊರಡಬೇಕು ಎಂಬ ಪ್ರಶ್ನೆಗೆ ಆಗ ಉತ್ತರವೇ ಇರಲಿಲ್ಲ.

1906ರ ಸೆಪ್ಟೆಂಬರ್ 18ರ ಬೆಳಿಗ್ಗೆ ಗಾತ್ರದಲ್ಲಿ ಪುಟ್ಟದಾದ, ಆದರೆ ಉಗ್ರವಾದ ಟೈಫೂನ್ ಹಾಂಗ್‌ಕಾಂಗಿಗೆ ಅಪ್ಪಳಿಸಿತು. ಎಚ್ಚರಿಕೆಯ ಸಂಕೇತಕ್ಕೂ ಗಾಳಿಗೂ ನಡುವೆ ಹೆಚ್ಚು ಸಮಯವೇ ಇರಲಿಲ್ಲ. ಸಾವಿರಾರು ಜನ, ಬಹುಪಾಲು ದೋಣಿಗಳಲ್ಲೇ ಬದುಕುತ್ತಿದ್ದವರು, ಸತ್ತರು. ದೂರದೂರದ ಠಾಣೆಗಳ ನಡುವಿನಿಂದ ಚಿಕ್ಕ ಬಿರುಗಾಳಿ ನುಸುಳಿ ಬಂದರೆ ಕರಾವಳಿಯ ಬ್ಯಾರೋಮೀಟರಿಗೆ ಸುಳಿವು ಸಿಗುವುದು ಕೊನೆಗಳಿಗೆಯಲ್ಲೇ. ಖಾಲಿ ಜಾಗ ತುಂಬಬೇಕಾದದ್ದು ಹಡಗುಗಳಿಂದ, ಹಡಗಿಗೆ ತಂತಿ ಎಳೆಯಲಾಗದು. ನಿಸ್ತಂತು ಬಂದ ಮೇಲೆ ಆ ಕೊರತೆ ಮೆಲ್ಲಗೆ ತುಂಬುತ್ತ ಬಂತು. 1920ರಲ್ಲಿ ಝಿಕಾವೈಯ ಲೂಯಿ ಫ್ರಾಕ್ 1893ರಿಂದ 1918ರವರೆಗಿನ 620 ಟೈಫೂನುಗಳ ದಾರಿಯನ್ನು ಒಂದೇ ಅಟ್ಲಾಸಿನಲ್ಲಿ ಬಿಡಿಸಿಟ್ಟರು.

ನಿಸ್ತಂತುವಿನ ಸುಖಕ್ಕೆ ಬೆಲೆಯೂ ಇತ್ತು. 1944ರ ಡಿಸೆಂಬರ್ 18ರಂದು ಫಿಲಿಪ್ಪೀನ್ಸಿನ ಪೂರ್ವಕ್ಕೆ ಅಡ್ಮಿರಲ್ ಹಾಲ್ಸಿಯ ಅಮೆರಿಕನ್ ನೌಕಾಪಡೆ ಟೈಫೂನಿನ ಒಳಕ್ಕೇ ಸಾಗಿತು. ಮೂರು ಡೆಸ್ಟ್ರಾಯರುಗಳು ಮುಳುಗಿ, ಸುಮಾರು 790 ಮಂದಿ ಸತ್ತರು. ಬದುಕುಳಿದ ಡ್ಯೂಯಿ ಎಂಬ ಹಡಗಿನಲ್ಲಿ ಬ್ಯಾರೋಮೀಟರಿನ ಮುಳ್ಳು 27 ಇಂಚಿನ ಗುರುತನ್ನು ದಾಟಿ ಅಳತೆಪಟ್ಟಿಯಿಂದಲೇ ಆಚೆ ಹೋಗಿತ್ತು. ಮರುವರ್ಷ ಅಡ್ಮಿರಲ್ ನಿಮಿಟ್ಸ್ ತನ್ನ ಕಪ್ತಾನರಿಗೆ ಬರೆದ ಪತ್ರದ ತಿರುಳು: ದೂರದ ಕೇಂದ್ರದಿಂದ ಎಚ್ಚರಿಕೆ ಬರಲೆಂದು ಕೂರಬೇಡಿ, ನಿಮ್ಮದೇ ಬ್ಯಾರೋಮೀಟರ್, ಗಾಳಿ, ಅಲೆಗಳನ್ನು ನೋಡಿ. ಪಿಡಿಂಗ್ಟನ್ ಇದನ್ನೇ ನೂರು ವರ್ಷ ಮೊದಲು ಹೇಳಿದ್ದ.

ಯುದ್ಧದ ನಂತರ ವಿಮಾನಗಳು ಟೈಫೂನಿನ ಕಣ್ಣಿಗೇ ಹಾರಿದವು. 1979ರ ಅಕ್ಟೋಬರ್ 12ರಂದು ವಿಮಾನದಿಂದ ಬೀಳಿಸಿದ ಉಪಕರಣ ‘ಟಿಪ್’ ಎಂಬ ಟೈಫೂನಿನೊಳಗೆ 870 ಹೆಕ್ಟೋಪಾಸ್ಕಲ್ ಅಳೆಯಿತು. ಪಾದರಸದ ಲೆಕ್ಕದಲ್ಲಿ 653 ಮಿಲಿಮೀಟರ್. ಸಮುದ್ರಮಟ್ಟದಲ್ಲಿ ಅಳೆದ ಅತಿ ಕಡಿಮೆ ಒತ್ತಡ ಇಂದಿಗೂ ಅದೇ. 1987ರಲ್ಲಿ ಅಮೆರಿಕ ಪಶ್ಚಿಮ ಪೆಸಿಫಿಕ್ಕಿನ ಈ ನಿತ್ಯದ ಹಾರಾಟ ನಿಲ್ಲಿಸಿತು. ಬಳಿಕ ಉಪಗ್ರಹಚಿತ್ರದ ಮೋಡದ ಆಕಾರ ನೋಡಿ ಒತ್ತಡವನ್ನು ಅಂದಾಜು ಮಾಡುವ ಡ್ವೊರಾಕ್ ವಿಧಾನವೇ ಮುಖ್ಯ ಆಸರೆಯಾಯಿತು. 2013ರ ಹೈಯಾನ್ ಟೈಫೂನಿನ 895 ಹೆಕ್ಟೋಪಾಸ್ಕಲ್ ಹೀಗೆ ಬಂದ ಜಪಾನಿನ ಅಂದಾಜು. ಎಚ್ಚರಿಕೆಗಳು ಚುರುಕಾದಷ್ಟೂ ಹಡಗುಗಳು ದೂರ ಸರಿಯುತ್ತವೆ, ಆದ್ದರಿಂದ ಒಳಗಿನ ನೇರ ಅಳತೆ ಇನ್ನೂ ಅಪರೂಪವಾಗಿದೆ.

ಈಗಿನ ಹುರುಪಿನ ಕೆಲಸ ಹಿಂದಕ್ಕೆ ಹೋಗುವುದು. ಟೈಫೂನುಗಳು ಹೆಚ್ಚುತ್ತಿವೆಯೇ ಎಂದು ಕೇಳಿದರೆ ಉಪಗ್ರಹಕ್ಕಿಂತ ಹಿಂದಿನ ಪಟ್ಟಿಗಳು ದಾರಿ ತಪ್ಪಿಸುತ್ತವೆ: ಹಡಗುಗಳಿಲ್ಲದ ಕಡಲಿನ ಬಿರುಗಾಳಿ ಲೆಕ್ಕಕ್ಕೇ ಬಂದಿಲ್ಲ. ಹಾಗಾಗಿ ಹಳೆಯ ಲಾಗ್ ಪುಸ್ತಕಗಳನ್ನು ಮತ್ತೆ ಓದಲಾಗುತ್ತಿದೆ. 2010ರಲ್ಲಿ ಆರಂಭವಾದ ‘ಓಲ್ಡ್ ವೆದರ್’ ಯೋಜನೆಯಲ್ಲಿ ಸ್ವಯಂಸೇವಕರು ಬ್ರಿಟಿಷ್ ನೌಕಾಪಡೆಯ ಕೈಬರಹದ ಪುಟಗಳನ್ನು ಅಂಕಿಗಿಳಿಸಿದರು. ಇಂಥ ಒತ್ತಡದ ಅಂಕಿಗಳನ್ನು, ಸಮುದ್ರದ ಮೇಲ್ಮೈ ತಾಪಮಾನದೊಂದಿಗೆ, ಕಂಪ್ಯೂಟರ್ ಮಾದರಿಗೆ ಉಣಿಸಿ ಹತ್ತೊಂಬತ್ತನೆಯ ಶತಮಾನದ ವಾತಾವರಣವನ್ನು ಮರುಕಟ್ಟುವ ಪ್ರಯತ್ನ ನಡೆದಿದೆ. ಅಂಕಿಗಳನ್ನು ಹಾಗೆಯೇ ನುಂಗುವಂತಿಲ್ಲ. ಬಿಸಿಗೆ ಪಾದರಸ ಹಿಗ್ಗುತ್ತದೆ, ಅಕ್ಷಾಂಶದೊಂದಿಗೆ ಗುರುತ್ವ ಬದಲಾಗುತ್ತದೆ, ಇವೆರಡಕ್ಕೂ ತಿದ್ದುಪಡಿ ಬೇಕು. ಕ್ಯಾಲೆಂಡರಿನ ಕಾಟ ಬೇರೆ: ಮನಿಲಾ 1844ರ ಡಿಸೆಂಬರ್ 31ನ್ನು ಬಿಟ್ಟು ಜಿಗಿಯುವವರೆಗೆ ಅಮೆರಿಕದ ತಾರೀಖನ್ನೇ ಹಿಡಿದಿತ್ತು, ಹಾಂಗ್‌ಕಾಂಗಿನಿಂದ ಒಂದು ದಿನ ಹಿಂದೆ.

ಹಿಸಾಯುಕಿ ಕುಬೋತಾ ಮತ್ತು ಜಾನಿ ಚಾನ್ 2009ರಲ್ಲಿ, 1902ರಿಂದ 2005ರವರೆಗೆ ಫಿಲಿಪ್ಪೀನ್ಸಿನ ನೆಲ ತಲುಪಿದ ಬಿರುಗಾಳಿಗಳನ್ನು ಹಳೆಯ ದಾಖಲೆಗಳಿಂದ ಎಣಿಸಿದಾಗ ಒಂದೇ ಸಮನೆ ಏರುವ ಗೆರೆ ಕಾಣಲಿಲ್ಲ. ದಶಕಗಳ ಉದ್ದಕ್ಕೂ ಏರಿ ಇಳಿಯುವ ಅಲೆ ಕಂಡಿತು. ಫೌರಾ ಕೂತು ಬರೆದ ಮನಿಲಾ ವೀಕ್ಷಣಾಲಯ 1945ರ ಕದನದಲ್ಲಿ ಸುಟ್ಟುಹೋಗಿತ್ತು. ಆ ಹಳೆಯ ವರ್ಷಗಳ ಎಣಿಕೆ ಸಾಧ್ಯವಾದದ್ದು ಅಚ್ಚಾದ ಮಾಸಿಕ ವರದಿಗಳು ಬೇರೆ ಊರುಗಳ ಗ್ರಂಥಾಲಯಗಳಲ್ಲಿ ಉಳಿದಿದ್ದರಿಂದ.